ಕಥಾನಾಯಕಿಗೆ ಒಬ್ಬ ಡಾಕ್ಟರು

ಮನೆಯವರೆಲ್ಲ ಅವಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದರು. ಅವಳೆಂದರೆ ವಾರಪತ್ರಿಕೆಯ ಧಾರಾವಾಹಿಯ ನಾಯಕಿ. ಅದನ್ನು ಬರೆಯುತ್ತಿದ್ದ ಸೊಸೆಯ ವಿಷಯ ಬೇರೆ. ಅವಳು ಮನೆಯಲ್ಲೇ ಇದ್ದಳಲ್ಲ, ಪ್ರೀತಿಗೇನು ಅವಸರ.

ಆ ವಾರದ ಕಂತಿನಲ್ಲಿ ನಾಯಕಿ ನಲ್ಲಿ ತಿರುಗಿಸಿ, ಬಕೆಟ್ಟು ತುಂಬಿ ಹರಿದರೂ ನೋಡುತ್ತ ನಿಂತುಬಿಡುತ್ತಾಳೆ. ಅತ್ತೆ ಓದಿ ಕಣ್ಣೊರೆಸಿಕೊಂಡರು. ಮೊನ್ನೆ ಸೊಸೆ ನಿಜವಾದ ಬಕೆಟ್ಟಿನ ಮುಂದೆ ಹಾಗೇ ನಿಂತಿದ್ದಾಗ, "ಜ್ಞಾನ ಎಲ್ಲಿಟ್ಟಿದ್ದೀಯಮ್ಮ? ನೀರೇನು ಪುಕ್ಕಟೆ ಬರುತ್ತಾ?" ಎಂದವರೂ ಅವರೇ. ಆದರೆ ಅದು ಅಚ್ಚಾಗಿರಲಿಲ್ಲ.

ಸಂಪಾದಕರು ಫೋನ್ ಮಾಡಿದರು. "ಮೇಡಂ, ಈಕೆಗೆ ಆಗಿರೋದಾದ್ರೂ ಏನು? ಗಂಡ ಕುಡೀತಾನಾ?"

"ಇಲ್ಲ ಸರ್. ಗಡಿಯಾರದ ಅಂಗಡಿ ಇಟ್ಟಿದ್ದಾನೆ."

"ಹೊಡೀತಾನಾ?"

"ಛೆ, ಇಲ್ಲ."

"ಮತ್ತೆ ಊಟ ಸೇರಲ್ಲ, ನಿದ್ದೆ ಬರಲ್ಲ ಅಂದ್ರೆ ಯಾರು ನಂಬ್ತಾರೆ? ಒಬ್ಬ ಕೆಟ್ಟ ಅತ್ತೆನಾದ್ರೂ ಹಾಕಿ."

"ಅತ್ತೆ ಒಳ್ಳೆಯವರು ಸರ್. ಅದೇ ತೊಂದರೆ."

"ಹಾಗಾದ್ರೆ ಮುಂದಿನ ಕಂತಲ್ಲಿ ಅವಳನ್ನ ನಗಿಸಿಬಿಡಿ."

ನಗುವುದರಲ್ಲಿ ಸೊಸೆಯದು ಎತ್ತಿದ ಕೈ. ಬಂದವರ ಮುಂದೆ ನಗುವುದು, ತಲೆನೋವು ಬಂದರೂ ಪಾತ್ರೆ ತೊಳೆದಾದ ಮೇಲೆ ಬರುವಂತೆ ನೋಡಿಕೊಳ್ಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಡಾಕ್ಟರಿಗೆ ತೋರಿಸಿಕೊಳ್ಳಬೇಕು ಎಂಬ ಒಂದು ಮಾತು ಮಾತ್ರ ತಿಂಗಳುಗಟ್ಟಲೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಎಲ್ಲ ಚೆನ್ನಾಗಿರುವ ಮನೆಯಲ್ಲಿ ಅದನ್ನು ಯಾವ ಬಾಯಲ್ಲಿ ಕೇಳುವುದು?

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಕೇಳಿದಳು. "ಕಥೇಲಿ ಅವಳನ್ನ ಏನು ಮಾಡ್ಲಿ?"

"ಪಾಪ ಕಣೇ," ಎಂದರು ಅತ್ತೆ. "ಆ ಗಂಡನಿಗೆ ಕಣ್ಣು ಕಾಣಲ್ವಾ? ಒಳ್ಳೆ ಡಾಕ್ಟರಿಗೆ ತೋರಿಸಬಾರದಾ?"

ಊರಿಗೆಲ್ಲ ಕನ್ನಡಕ ಹಾಕುವ ಗಂಡ ತಲೆದೂಗಿದ. ಕಥೆಯಲ್ಲಿ ಸೊಸೆ ಬದಲಿಸಿದ್ದು ಅವನ ಅಂಗಡಿಯೊಂದನ್ನೇ. ಆದರೂ ಅವನಿಗೆ ತನ್ನ ಗುರುತು ಸಿಕ್ಕಿರಲಿಲ್ಲ. "ಒಂದು ದಿನ ಅಂಗಡಿ ಬಾಗಿಲು ಹಾಕಿದ್ರೆ ಅವನಪ್ಪನ ಗಂಟೇನು ಹೋಗುತ್ತೆ?"

"ಮನಸ್ಸಿನ ಡಾಕ್ಟರು ಅಂದ್ರೆ ಜನ ಏನಂತಾರೋ," ಎಂದಳು ಸೊಸೆ.

"ಜನಕ್ಕೆ ಕೆಲಸ ಇಲ್ಲ. ನಾಳೆ ಅವಳಿಗೇನಾದ್ರೂ ಆದ್ರೆ ಜನ ಬಂದು ಉಳಿಸ್ತಾರಾ?"

ಅವನ ದನಿ ಏರಿತ್ತು. ಮದುವೆಯಾದಂದಿನಿಂದ ಇಷ್ಟು ಕಾಳಜಿಯನ್ನು ಕಂಡಿರದ ಸೊಸೆಗೆ ನಾಯಕಿಯ ಮೇಲೆ ಹೊಟ್ಟೆಕಿಚ್ಚಾಯಿತು. ಸೌಟು ಕೆಳಗಿಟ್ಟಳು.

"ಹಾಗಾದ್ರೆ ನಾಳೆ ಅಂಗಡಿ ಬಾಗಿಲು ಹಾಕಿ. ನನ್ನನ್ನ ಕರ್ಕೊಂಡು ಹೋಗಿ."

"ಎಲ್ಲಿಗೆ?"

"ಈಗ ನೀವೇ ಹೇಳಿದ್ರಲ್ಲ, ಅಲ್ಲಿಗೆ."

ಗಂಡನ ಕೈಯ ತುತ್ತು ಬಾಯಿಯವರೆಗೂ ಹೋಗಲಿಲ್ಲ. ಅತ್ತೆ ಅವಳನ್ನೇ ದಿಟ್ಟಿಸಿದರು. "ನಿನಗೇನಾಗಿದೆಯಮ್ಮ? ಎಲ್ಲ ಚೆನ್ನಾಗಿದೆಯಲ್ಲ?"

"ಸಂಪಾದಕರೂ ಅದನ್ನೇ ಕೇಳಿದ್ರು ಅತ್ತೆ."

ಬಚ್ಚಲಲ್ಲಿ ಅವಳು ಬಿಟ್ಟು ಬಂದಿದ್ದ ನಲ್ಲಿಯ ನೀರು ಬಕೆಟ್ಟು ತುಂಬಿ ಹರಿಯುತ್ತಿತ್ತು. ನೀರೇನು ಪುಕ್ಕಟೆ ಬರುತ್ತಾ ಎಂದು ಯಾರೂ ಕೇಳಲಿಲ್ಲ. ಗಂಡ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದ. "ಎಷ್ಟು ಹೊತ್ತಿಗೆ ಹೊರಡೋಣ?" ಎಂದ, ತಟ್ಟೆಯನ್ನೇ ನೋಡುತ್ತ.

ಅತ್ತೆ ಮೆಲ್ಲಗೆ ಕೇಳಿದರು. "ಆ ಕಥೆಯ ಹುಡುಗಿ ಗತಿ?"

"ಅವಳು ಮುಂದಿನ ವಾರ ನಗ್ತಾಳೆ ಅತ್ತೆ. ನನ್ನ ಪಾಲಿನ ನಗುವನ್ನೂ ಅವಳೇ ನಗಲಿ."