ತಡವಾಗಿ ಬೆಚ್ಚುತ್ತಿದ್ದ ಎದೆ

ಗಾಳಿ ತುಂಬುತ್ತಿರುವಾಗಲೇ ಲಾರಿಯ ಟೈರೊಂದು ಢಂ ಎಂದು ಸಿಡಿಯಿತು. ನಮ್ಮ ಪಂಕ್ಚರ್ ಅಂಗಡಿಯ ತಗಡುಗಳೆಲ್ಲ ಗಡಗಡ ಎಂದವು. ಲಾರಿ ಡ್ರೈವರ್ ಬೆಂಚಿನಿಂದ ಜಾರಿ ನೆಲದ ಮೇಲೆ ಕೂತ. ಸದ್ದಿಗಿಂತ ಹೆಚ್ಚಾಗಿ ನಾನು ದಂಗಾದದ್ದು ಆಚೆ ಗಾಳಿ ಮೆಷಿನ್ನಿನ ಬಳಿ ನಿಂತಿದ್ದ ನನ್ನ ಗಂಡನನ್ನು ನೋಡಿ. ಅದೇ ಕ್ಷಣ ಇವರು ಎದೆ ಹಿಡಿದುಕೊಂಡಿದ್ದರು.

ಇವರ ಎದೆಯಲ್ಲಿರುವುದು ಬೇರೆ ಯಾರದೋ ಹೃದಯ. ಸ್ವಂತದ್ದು ಕೈಕೊಟ್ಟ ಮೇಲೆ ಆಸ್ಪತ್ರೆಯಲ್ಲಿ ಹಾಕಿದ್ದು. ಹಾಕುವಾಗ ನರಗಳು ತುಂಡಾಗುತ್ತವೆ, ಅವನ್ನು ಹೊಲಿಯಲು ಬರುವುದಿಲ್ಲ ಎಂದಿದ್ದರು ಡಾಕ್ಟರಮ್ಮ. ಹಾಗಾಗಿ ಇವರು ಬೆಚ್ಚಿದ ಸುದ್ದಿ ಹೃದಯಕ್ಕೆ ರಕ್ತದಲ್ಲೇ ಹರಿದು ಬರಬೇಕಿತ್ತು. ನಾವೆಲ್ಲ ಹೆದರಿ, ಸುಧಾರಿಸಿಕೊಂಡು, ಟೀ ಲೋಟ ಕೈಗೆತ್ತಿಕೊಂಡಾಗ ಇವರ ಎದೆ ಹೊಡೆದುಕೊಳ್ಳಲು ಶುರುಮಾಡುತ್ತಿತ್ತು.

"ನಿಮ್ಮೆದೆಗೆ ಫೋನಿಲ್ಲ ಕಣ್ರೀ, ಎಲ್ಲಾ ಪೋಸ್ಟಲ್ಲೇ ಬರ್ಬೇಕು," ಎಂದು ರೇಗಿಸುತ್ತಿದ್ದೆ.

ಇವರಿಗೆ ಅದೇ ಜಂಬ. "ಕಲ್ಲೆದೆ ಕಣೇ ನಂದು," ಎನ್ನುತ್ತ, ಸಿಡಿದೀತೆಂದು ಯಾರೂ ಹತ್ತಿರ ಸುಳಿಯದ ಸವೆದ ಟೈರಿನ ಮೇಲೆ ಬಗ್ಗಿ ಗಾಳಿ ತುಂಬುವರು. ಬೈದು ಬೈದು ನನ್ನ ಬಾಯಿ ಸೋತಿತ್ತು.

ಈಗ ಇವರ ಮುಖ ಬಿಳುಚಿತ್ತು. "ಬಡ್ಕೊಳ್ತಿದೆ ಕಣೇ... ಸದ್ದಿನ ಜೊತೇಲೇ!"

ಮೈ ಈ ಹೃದಯವನ್ನು ಯಾವಾಗ ಬೇಕಾದರೂ ಒಲ್ಲೆ ಎನ್ನಬಹುದು, ಏನೇ ವ್ಯತ್ಯಾಸ ಕಂಡರೂ ಓಡಿಬನ್ನಿ ಎಂದಿದ್ದರಲ್ಲ. ಅಂಗಡಿಯನ್ನು ಡ್ರೈವರಿಗೆ ಒಪ್ಪಿಸಿ, ದಾರಿಯಲ್ಲಿ ಹೋಗುತ್ತಿದ್ದ ಕಾರಿಗೆ ಕೈ ಅಡ್ಡ ಹಾಕಿ ಹತ್ತಿದೆವು.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು, ಹೃದಯದ ಒಂದು ಚೂರನ್ನೇ ಚಿವುಟಿ ಪರೀಕ್ಷೆಗೆ ಕಳಿಸಿದರು. ಮಾರನೆಯ ದಿನ ಡಾಕ್ಟರಮ್ಮ ಬಂದು, "ಹೃದಯಕ್ಕೇನೂ ಆಗಿಲ್ಲ. ಮತ್ತೆ ಯಾಕೆ ಹಾಗಾಯ್ತೋ..." ಎನ್ನುತ್ತಿದ್ದಂತೆ ನರ್ಸಿನ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ಠಣ್ಣೆಂದು ಬಿತ್ತು. ಇವರು ಬೆಚ್ಚಿಬಿದ್ದರು. ಯಂತ್ರದ ಪರದೆಯಲ್ಲಿ ಬಡಿತವೂ ಆಗಲೇ ಜಿಗಿಯಿತು.

ಡಾಕ್ಟರಮ್ಮ ಪರದೆಯನ್ನೇ ನೋಡುತ್ತ ನಿಂತುಬಿಟ್ಟರು.

"ಸಾರಿ ಮೇಡಂ," ಎಂದಳು ನರ್ಸ್, ಅಳುಮುಖ ಮಾಡಿಕೊಂಡು.

"ಒಳ್ಳೇ ಕೆಲಸಾನೇ ಮಾಡ್ದೆ ಬಿಡು! ನೋಡಿ ಅಮ್ಮ, ಇವರ ನರ ಚಿಗುರಿದೆ. ಹೃದಯದ ಮಾಂಸ ತಾನೇ ಒಂಥರಾ ರಸ ಬಿಡುತ್ತೆ, ನರಕ್ಕೆ ಅದು ಗೊಬ್ಬರ ಇದ್ದ ಹಾಗೆ. ತುಂಡಾದ ತುದಿಗಳು ಅದರ ಜಾಡು ಹಿಡಿದು ಬೆಳ್ಕೊಂಡು ಬಂದಿವೆ. ಎಲ್ಲರಿಗೂ ಹೀಗಾಗಲ್ಲ. ಆದವರಿಗೂ ಪೂರ್ತಿ ಮೊದಲಿನ ಹಾಗಾಗಲ್ಲ."

ಇವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. "ಅಂದ್ರೆ ಡಾಕ್ಟ್ರೇ, ಯಾರದೋ ಹೃದಯ... ನನ್ನ ನರಾನ ಅದೇ ಕರೀತಾ?"

"ಅದೇ ಕರೀತು."

ಕಲ್ಲೆದೆಯವರು ಗಳಗಳನೆ ಅತ್ತರು. ಸೆರಗು ಕೊಟ್ಟೆ, ಒರೆಸಿಕೊಂಡರು.

ಅಂಗಡಿ ಮತ್ತೆ ತೆರೆದಾಗ ಅದೇ ಡ್ರೈವರ್ ಇನ್ನೊಂದು ಸವೆದ ಟೈರು ಉರುಳಿಸಿಕೊಂಡು ಬಂದ. ಇವರು ಗಾಳಿಯ ಪೈಪು ಸಿಕ್ಕಿಸಿ, ಸರಸರನೆ ಹೋಗಿ ಗೋಡೆಯ ಮರೆಗೆ ನಿಂತರು.

"ಏನಣ್ಣಾ, ಕಲ್ಲೆದೆ ಎಲ್ಲೋಯ್ತು?"

"ಹೆದರಿಕೆ ಆಗುತ್ತಪ್ಪಾ. ನೀನೂ ಈ ಕಡೆ ಬಾ."

ಇಷ್ಟು ದಿನ ಬೈದರೂ ಕೇಳದವರು! ನಾನೂ ಸ್ಟೂಲು ಎತ್ತಿಕೊಂಡು ಹೋಗಿ ಇವರ ಪಕ್ಕದಲ್ಲೇ ಕೂತೆ.