ಕಾರಣ: ಗುಣಪಾಲರ ತಲೆಗೆ

ನನ್ನ ಹೆಸರು ಪ್ರಭಾವತಿ. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮು ನನ್ನ ಸುಪರ್ದಿಯಲ್ಲಿದೆ. ಯಾವ ಕಚೇರಿ ಎಂದು ಕೇಳಬೇಡಿ. ಬೈಂದೂರಿಗೂ ಬ್ರಹ್ಮಾವರಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ, ನನ್ನ ಕೆಲಸ ಉಳಿಯಲಿ. ಹದಿಮೂರು ವರ್ಷದಲ್ಲಿ ನಾನು ಯಾರಿಗೂ ‘ಲಭ್ಯವಿಲ್ಲ’ ಎಂದು ಬರೆದುಕೊಟ್ಟವಳಲ್ಲ. ಒಂದು ಕಡತ ಕಾಣದಿದ್ದರೆ ಆ ಪದ ಗೀಚಿ ಚಾ ಕುಡಿಯಲು ಹೋಗುವವರು ಬೇಕಾದಷ್ಟಿದ್ದಾರೆ. ನನಗೆ ಆ ಪದ ಕಂಡರೇ ಮೈ ಉರಿಯುತ್ತದೆ. ಕಾಗದಕ್ಕೇನು ಕಾಲಿದೆಯೇ ಎದ್ದು ಹೋಗಲಿಕ್ಕೆ?

ಮಂಗಳವಾರ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ವನಜಕ್ಕ ಬಾಗಿಲಲ್ಲಿ ನಿಂತಿದ್ದರು. ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕಿ ಮಾರುವವರು. ಅವರ ಮನೆಯಿಂದ ಹೊಳೆಗಿದ್ದ ಕಾಲುದಾರಿಗೆ, ಪಕ್ಕದ ಜಾಗ ಕೊಂಡವರು ಗೇಟು ಹಾಕಿ ಎರಡು ತಿಂಗಳಾಗಿತ್ತು. ಅಂದು ಮೂರು ಗಂಟೆಗೆ ತಹಶೀಲ್ದಾರರ ಮುಂದೆ ವಿಚಾರಣೆ. ದಾರಿ ಹಿಂದಿನಿಂದಲೂ ಇತ್ತು ಎನ್ನಲು ಹಳೆಯ ಗ್ರಾಮ ನಕ್ಷೆ ಬೇಕು.

“ಅದ್ ಸಿಕ್ದೇ ಇದ್ರೆ ನಾನ್ ರಸ್ತಿ ಸುತ್ತಿ ನಾಕ್ ಮೈಲಿ ನಡಿಕ್ ಅಮಾ, ತಲಿ ಮೇಲ್ ಬುಟ್ಟಿ ಇಟ್ಕಂಡ್. ಈ ಕಾಲ್ ಇನ್ನೆಷ್ಟ್ ದಿನ ತಡಿತ್ತ್?”

“ಹೆದ್ರಬೇಡಿ ವನಜಕ್ಕ. ಹತ್ತೇ ನಿಮಿಷ, ತೆಗ್ದ್ ಕೊಡ್ತೆ,” ಎಂದೆ. ನನ್ನ ಜಂಬ ನೋಡಿ!

ಕಳೆದ ವರ್ಷ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದರು. ಕಂಪ್ಯೂಟರಿನಲ್ಲಿ ಆ ಗ್ರಾಮದ ಹೆಸರು ಒತ್ತಿದೆ. ‘ಮೂಲ ನಕ್ಷೆ ದೊರೆತಿಲ್ಲ’ ಎಂದು ಬಂತು. ಹಳೆಯ ಸೂಚಿ ಪುಸ್ತಕ ತೆಗೆದೆ. ನಕ್ಷೆಯ ಜಾಗ: ಅಟ್ಟ ನಾಲ್ಕು, ಸಾಲು ಎರಡು. ಏಣಿ ಹತ್ತಿ ನೋಡಿದರೆ ಅಲ್ಲಿ ಒಂದು ಹಲ್ಲಿ ಕೂತಿತ್ತು, ಮತ್ತೇನೂ ಇಲ್ಲ.

ಏಣಿಯ ಮೇಲಿಂದಲೇ ಬೈಗುಳ ಶುರು ಮಾಡಿದೆ. ಸ್ಕ್ಯಾನ್ ಮಾಡಿದವರಿಗೆ, ಹಲ್ಲಿಗೆ, ನಕ್ಷೆ ಕದ್ದ, ಹೆಸರು ಗೊತ್ತಿಲ್ಲದ ಕಳ್ಳನಿಗೆ. ಸದ್ದು ಕೇಳಿ ಗುಣಪಾಲಣ್ಣ ಬಂದರು. ನಮ್ಮ ಹಿರಿಯ ಗುಮಾಸ್ತರು. ಹನ್ನೆರಡು ವರ್ಷದ ಹಿಂದೆ ನಮ್ಮ ಕಚೇರಿಯವರೇ ರಾಜ್ಯೋತ್ಸವಕ್ಕೆ ಯಕ್ಷಗಾನ ಆಡಿದಾಗ ಇವರದು ಮುಂಡಾಸಿನ ವೇಷ. ಕುಣಿದ ಕುಣಿತಕ್ಕೆ ಜನ ಶಿಳ್ಳೆ ಹೊಡೆದರು. ಇವರು ಕಟ್ಟಿದ ಮುಂಡಾಸನ್ನು ಬಿಚ್ಚಲು ಬಿಡದೆ, ವೇಷ ಬಾಡಿಗೆಗೆ ಕೊಟ್ಟವರ ಕೈಯಿಂದ ಹಾಗೇ ಕೊಂಡು ತಂದು, ಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರು. ಅವರ ಮನೆಗೆ ಹೋದವರಿಗೆ ಮೊದಲು ಮುಂಡಾಸಿನ ದರ್ಶನ, ಆಮೇಲೆ ನೀರು ಬೆಲ್ಲ.

“ಎಂತ ಆಯ್ತ್ ಪ್ರಭಾ? ಒಂದ್ ‘ಲಭ್ಯವಿಲ್ಲ’ ಬರ್ದ್ ಕೊಡ್, ಮುಗಿತ್ತಲೆ.”

“ನನ್ನ್ ಕೈ ಕಡ್ದ್ರೂ ಬರಿಯೂದಿಲ್ಲ. ಇಲ್ಲಿಂದ ಸೂಜಿ ಹೊರಗ್ ಹೋದ್ರೂ ಚೀಟಿ ಇರ್ಕ್!”

ಬಾಯಿಂದ ಆ ಮಾತು ಬಿದ್ದ ಮೇಲೆಯೇ ತಲೆಗೆ ಹೊಳೆಯಿತು. ಚೀಟಿ! ನನಗೆ ಕೆಲಸ ಕಲಿಸಿದ ಹಿರಿಯಣ್ಣ ಮಾಸ್ತರರ ನಿಯಮ ಅದು. ಏನನ್ನೇ ಹೊರಗೆ ಕೊಟ್ಟರೂ ಅದರ ಜಾಗದಲ್ಲಿ ಒಂದು ಚೀಟಿ ಇಡಬೇಕು. ಸ್ಕ್ಯಾನ್ ಮಾಡಲು ಬಂದವರು ಆ ಚೀಟಿಗಳನ್ನೆಲ್ಲ ಕಸವೆಂದು ಗುಡಿಸಿದ್ದರು. ನಾನು ಜಗಳವಾಡಿ ಅಷ್ಟನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಸಿಟ್ಟಿದ್ದೆ. ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಮೂವರೂ ಕೂತೆವು. ವನಜಕ್ಕನಿಗೆ ಓದಲು ಬಾರದು, ಆದರೂ ಚೀಟಿಗಳನ್ನು ಚಿಪ್ಪು ಹೆಕ್ಕಿದ ಹಾಗೆ ಸರಸರ ಹೆಕ್ಕಿ ನನ್ನ ಕೈಗೆ ಕೊಡುತ್ತಿದ್ದರು. ಹನ್ನೆರಡೂವರೆಗೆ ಸಿಕ್ಕಿತು.

‘ಅಟ್ಟ 4, ಸಾಲು 2. ವಸ್ತು: ಹಳೆಯ ಬಟ್ಟೆ ಸುರುಳಿ. ಕೊಂಡೊಯ್ದವರು: ಗುಣಪಾಲ. ಕಾರಣ: ಗುಣಪಾಲರ ತಲೆಗೆ. ಹಿಂತಿರುಗಿಸುವುದು: ನಾಳೆ. ಕೊಟ್ಟವರು: ಪ್ರಭಾವತಿ.’

ಅಯ್ಯೋ ದೇವರೇ! ಕೆಳಗೆ ನನ್ನದೇ ಸಹಿ, ಬಾಲದ ಸಮೇತ. ಆಗ ನಾನು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಯಕ್ಷಗಾನದ ಆಟದ ದಿನ ಮುಂಡಾಸು ಕಟ್ಟುವಾಗ ಒಳಗೆ ಸುತ್ತುವ ಬಟ್ಟೆ ಸಾಲದೆ ಗುಣಪಾಲಣ್ಣ ಓಡಿಬಂದಿದ್ದರು. ಹಳೆಯ ನಕ್ಷೆಗಳನ್ನು ಬಟ್ಟೆಗೆ ಅಂಟಿಸಿರುತ್ತಾರೆ, ಸುತ್ತಿಟ್ಟರೆ ಬಟ್ಟೆಯ ಬೆನ್ನು ಮಾತ್ರ ಕಾಣುತ್ತದೆ. ಬಿಚ್ಚಿ ನೋಡುವಷ್ಟು ಬುದ್ಧಿ ನನಗಿರಲಿಲ್ಲ. ಚೀಟಿ ಬರೆಯುವಷ್ಟು ಮಾತ್ರ ಇತ್ತು. ಬೆಳಗಿನಿಂದ ಬೈದ ಬೈಗುಳವೆಲ್ಲ ನನ್ನ ತಲೆಯ ಮೇಲೆಯೇ ಬಂದು ಕೂತಿತು.

“ಹಂಗಾರೆ ನಕ್ಷೆ...” ಎಂದು ಗುಣಪಾಲಣ್ಣ ತಮ್ಮ ಬೋಳುತಲೆ ಮುಟ್ಟಿಕೊಂಡರು.

“ಹೌದ್ ಮಾರ್ರೆ. ನಡಿನಿ ತೆಕ್ಕಟ್ಟೆಗೆ, ನಿಮ್ ಮನಿಗೆ!”

ವನಜಕ್ಕನನ್ನು ವಿಚಾರಣೆಗೆ ಕಳುಹಿಸಿ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಹೋದೆವು. ಮನೆಯಲ್ಲಿ ಗಾಜಿನ ಪೆಟ್ಟಿಗೆಯ ಕೀಲಿ ಸಿಗದೆ ಒಂದು ಗಂಟೆ ಹೋಯಿತು. ಸಿಕ್ಕಿದ ಮೇಲೆ ಗುಣಪಾಲಣ್ಣ ಮುಂಡಾಸನ್ನು ಅಪ್ಪಿಕೊಂಡು ನಿಂತರು.

“ಬಿಚ್ಚಿರೆ ಮತ್ತ್ ಹೀಂಗೆ ಕಟ್ಟುಕ್ ಆತ್ತಿಲ್ಲ ಪ್ರಭಾ. ನಾನ್ ಜೀವ್ಮಾನದಲ್ ಕುಣ್ದದ್ ಅದೊಂದೇ ಸರ್ತಿ.”

ಅವರ ಕಣ್ಣಲ್ಲಿ ನೀರಿತ್ತು. ನನಗೂ ಪಾಪ ಎನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಗಂಟೆ ಎರಡೂವರೆ.

“ವನಜಕ್ಕ ದಿನಾ ತಲಿ ಮೇಲ್ ಹೊರ್ತ್ರಲೆ ಗುಣಪಾಲಣ್ಣ. ನೀವ್ ಒಂದಿನ ಹೊರಿ.”

ಅವರು ಮುಂಡಾಸನ್ನು ತಲೆಗೇರಿಸಿ ಸ್ಕೂಟರಿನ ಹಿಂದೆ ಕೂತರು. ಹೆದ್ದಾರಿಯಲ್ಲಿ ನಾವು ಹೋದದ್ದನ್ನು ನೀವು ನೋಡಬೇಕಿತ್ತು! ಬಸ್ಸಿನ ಕಿಟಕಿಗಳಿಂದ ಶಿಳ್ಳೆ, “ಹ್ವಾಯ್, ಆಟ ಎಲ್ಲಿ ಇವತ್ತ್?” ಎಂಬ ಕೂಗು. ಪೊಲೀಸಿನವನು ಕೈ ಅಡ್ಡ ಹಿಡಿದು, ಹಿಂದೆ ಕೂತವರ ತಲೆಯನ್ನೇ ನೋಡಿ, ಹೆಲ್ಮೆಟ್ ಕೇಳಬೇಕೋ ಕೈ ಮುಗಿಯಬೇಕೋ ತಿಳಿಯದೆ ಬಿಟ್ಟುಬಿಟ್ಟ. ಗುಣಪಾಲಣ್ಣ ಅಷ್ಟರಲ್ಲಿ ಬೆನ್ನು ನೆಟ್ಟಗೆ ಮಾಡಿ ಎರಡೂ ಕಡೆ ಗತ್ತಿನಿಂದ ನೋಡತೊಡಗಿದ್ದರು. ನಗು ತಡೆಯಲಾರದೆ ನಾನು ಎರಡು ಸಲ ಚರಂಡಿಗೆ ಇಳಿಯುವುದರಲ್ಲಿದ್ದೆ.

ನಾವು ವಿಚಾರಣೆಯ ಕೋಣೆಗೆ ನುಗ್ಗುವಾಗ ಜಾಗ ಕೊಂಡವರ ಕಡೆಯ ಉಲ್ಲಾಸ್ ಎಂಬಾತ, “ಕಂಪ್ಯೂಟರ್‌ನಲ್ಲೇ ಇಲ್ಲ ಅಂದ್ಮೇಲೆ ದಾರಿನೇ ಇಲ್ಲ ಮೇಡಂ,” ಎನ್ನುತ್ತಿದ್ದ. ವನಜಕ್ಕ ಮೂಲೆಯಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ತಹಶೀಲ್ದಾರ್ ಅಮಿತಾ ಮೇಡಂ ತಲೆಯೆತ್ತಿ, ಮುಂಡಾಸು ನೋಡಿ, ಪೆನ್ನು ಕೆಳಗಿಟ್ಟರು.

“ಇದೇನು?”

“ಮೂಲ ದಾಖಲೆ ಮೇಡಂ,” ಎಂದೆ. “ನಿಮ್ಮ ಮುಂದೆಯೇ ಬಿಚ್ಚಬೇಕು ಅಂತ ಹಾಗೇ ತಂದೆವು.”

ನಾನು ತುದಿ ಹಿಡಿದೆ. ಗುಣಪಾಲಣ್ಣ ನಿಂತಲ್ಲೇ ಸುತ್ತು ತಿರುಗಿದರು. ಜರಿ ಉದುರಿತು, ಹುಲ್ಲು ಉದುರಿತು, ಬಟ್ಟೆ ಮೇಜು ದಾಟಿ ಉಲ್ಲಾಸನ ಕಾಲಿಗೆ ತೊಡರಿತು. ಆರನೆಯ ಸುತ್ತಿಗೆ ಅವರ ಕಾಲು ತಾನಾಗಿ ಹೆಜ್ಜೆ ಹಾಕತೊಡಗಿತು. ಜವಾನ ದೇವು ಬಾಗಿಲಲ್ಲಿ ನಿಂತು ಬಾಯಲ್ಲೇ ಚಂಡೆ ಬಾರಿಸಿದ. ಕಡೆಯ ಸುತ್ತಿನಲ್ಲಿ ನಕ್ಷೆ ಹೊರಗೆ ಬಂತು. ಸಮುದ್ರದ ಕಡೆಗೆಲ್ಲ ಬೆವರಿನ ಕಲೆ, ದೇವಸ್ಥಾನದ ಮೇಲೆ ಹಣೆಯ ಕೆಂಪು ಬಣ್ಣ. ಆದರೆ ವನಜಕ್ಕನ ಮನೆಯಿರುವ ಸಾಲಿನಿಂದ ಹೊಳೆಯವರೆಗೆ ಚುಕ್ಕಿ ಚುಕ್ಕಿಯ ಕಾಲುದಾರಿ, ಒಂದು ಚುಕ್ಕಿಯೂ ಅಳಿಸಿರಲಿಲ್ಲ.

“ಇದು ಅಲ್ಲಿಗೆ ಹೇಗೆ ಹೋಯಿತು?” ಎಂದರು ಮೇಡಂ.

ಸುಳ್ಳು ಹೇಳಬಹುದಿತ್ತು. ಚೀಟಿ ಕೊಟ್ಟೆ.

“ನಾನೇ ಕೊಟ್ಟದ್ದು ಮೇಡಂ.”

ಅವರು ಓದಿದರು. ತುಟಿ ಕಚ್ಚಿಕೊಂಡು ಮತ್ತೊಮ್ಮೆ ಓದಿದರು. “ನಾಳೆ ಹಿಂತಿರುಗಿಸುವುದು ಅಂತ ಬರೆದಿದ್ದೀರಿ.”

“ಸ್ವಲ್ಪ ತಡವಾಯಿತು ಮೇಡಂ.”

ಕೋಣೆಯೆಲ್ಲ ನಕ್ಕಿತು. ಸಂಜೆಯೊಳಗೆ ಎರಡು ಆದೇಶ ಹೊರಟವು: ಗೇಟು ತೆಗೆಯಲು ಒಂದು, ನನ್ನಿಂದ ವಿವರಣೆ ಕೇಳಿ ಇನ್ನೊಂದು. ಎರಡರ ಪ್ರತಿಯನ್ನೂ ಚೀಟಿಯ ಜೊತೆ ಸೇರಿಸಿ ಕಡತಕ್ಕೆ ಹಾಕಿದೆ. ಮುಂದೆ ಯಾರಾದರೂ ಕೇಳಿದರೆ ಇರಬೇಕಲ್ಲ.

ಶುಕ್ರವಾರ ನಾನು ಬೀಗ ತೆಗೆಯುವಾಗ ವನಜಕ್ಕ ಮತ್ತೆ ಬಾಗಿಲಲ್ಲಿದ್ದರು. ಸೀರೆಯ ಅಂಚು ಒದ್ದೆ, ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದರಿಂದ ಇನ್ನೂ ಹೊಳೆಯ ನೀರು ತೊಟ್ಟಿಕ್ಕುತ್ತಿತ್ತು.

“ಎಷ್ಟ್ ಹೊತ್ತಾಯ್ತ್ ವನಜಕ್ಕ, ಹೊಳಿಯಿಂದ ಮನಿಗೆ?”

“ನೀವೇ ಹೇಳಿದ್ರಲೆ ಅಮಾ,” ಎಂದು ನಕ್ಕರು. “ಹತ್ತೇ ನಿಮಿಷ.”