ತಟ್ಟುವ ತನಕ ಕಾಯುವ ಇರುವೆ

ಅಮ್ಮನ ಕನ್ನಡಕದ ಎರಡೂ ಗಾಜಿನಲ್ಲಿ ನನ್ನ ಇರುವೆ ನಿಂತಿದೆ, ಪರದೆಯ ಮೇಲಿನದೇ, ಪುಟ್ಟದಾಗಿ, ನೀಲಿಯಾಗಿ — ಗಾಜಿನ ಹಿಂದೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ವೇದಿಕೆಯಿಂದ ಕಾಣುವುದಿಲ್ಲ, ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಕೈಚೀಲ ತೊಡೆಯ ಮೇಲೆ, ತಲೆ ವಾಲಿದೆಯಾ, ಇಲ್ಲ, ವಾಲಿದರೂ ಆಶ್ಚರ್ಯವಿಲ್ಲ, ಭಾಷಣವೆಂದರೆ ಅಮ್ಮನಿಗೆ ಲಾಲಿ, ನನಗೆ ಡಾಕ್ಟರೇಟ್ ಕೊಟ್ಟ ದಿನ ಚಪ್ಪಾಳೆ ಸದ್ದಿಗೆ ಎಚ್ಚರವಾಗಿ ಮುಗೀತಾ, ಮನೆಗೆ ಹೋಗೋಣ್ವಾ ಅಂದವಳು — ಗೂಡು ಹಾಳಾದಾಗ ಹೊಸ ಮನೆ ಕಂಡುಕೊಂಡ ಇರುವೆ ವಾಪಸ್ಸು ಬಂದು ಇನ್ನೊಬ್ಬಳನ್ನು ಕರೆದೊಯ್ಯುತ್ತದೆ, ನನ್ನ ಬಾಯಿ ತನ್ನ ಪಾಡಿಗೆ ಮಾತಾಡುತ್ತಿದೆ, ಹಿಂದಿನವಳು ಮೀಸೆಯಿಂದ ಮುಂದಿನವಳ ಬೆನ್ನು ತಟ್ಟುತ್ತಾ ಬರಬೇಕು, ಹೌದು, ಹೆಣ್ಣೇ, ಆದರೂ ಮೀಸೆ, ಇಲ್ಲಿ ಜನ ನಗಬೇಕು, ನಕ್ಕರು, ಅಮ್ಮನ ಭುಜ ಅಲುಗಿತಾ — ತಟ್ಟಿದರೆ ಹೆಜ್ಜೆ ಮುಂದೆ, ತಟ್ಟದಿದ್ದರೆ ನಿಂತು ಕಾಯುವುದು, ಈ ಚಿತ್ರದಲ್ಲಿ ಕಾಯುತ್ತಿದ್ದಾಳೆ ನೋಡಿ. ಹೋದ ತಿಂಗಳ ಅತಿಥಿ ಉಪನ್ಯಾಸಕ್ಕೆ ರಾಕೆಟ್ಟಿನವರು ಬಂದಿದ್ದರಂತೆ, ಜನ ಬಾಗಿಲಾಚೆಯೂ ನಿಂತಿದ್ದರಂತೆ, ಈ ತಿಂಗಳು ನಾನು, ಅರ್ಧ ಕುರ್ಚಿ ಖಾಲಿ, ಇರಲಿ, ನನಗೆ ಬೇಕಾಗಿದ್ದು ಒಂದೇ ಕುರ್ಚಿ. ಒಂದೇ ಒಂದು ಸಲ ಬಾಮ್ಮಾ, ನಾನೇನ್ಮಾಡ್ತೀನಿ ಅಂತ ನೋಡು, ಅಂದಿದ್ದೆ, ನಂಗೇನು ಅರ್ಥ ಆಗತ್ತೆ ಬಿಡೇ, ನೀನು ಇರುವೆ ಡಾಕ್ಟ್ರಂತೆ, ನಮ್ಮನೆ ಸಕ್ಕರೆ ಡಬ್ಬಿಗೆ ಬರೋವನ್ನ ಓಡಿಸೋಕೆ ಬರಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಂತೆ, ನಮ್ಮಮ್ಮನಿಗೂ ನಾನು ಮುದ್ದು, ನನ್ನ ಇರುವೆ ಮಾತ್ರ ಅಲ್ಲ — ಚಿಕ್ಕವಳಿದ್ದಾಗಿನಿಂದ ಹೇಳುತ್ತಲೇ ಇದ್ದೇನೆ, ಅಡುಗೆಮನೆ ಬಾಗಿಲಲ್ಲಿ ನಿಂತು, ಫೋನಿನಲ್ಲಿ, ಹೂಂ ಅನ್ನುತ್ತಾಳೆ, ಊಟ ಆಯ್ತಾ ಅನ್ನುತ್ತಾಳೆ, ನಾನು ನಿಲ್ಲುತ್ತೇನೆ, ಮತ್ತೆ ಹೇಳುತ್ತೇನೆ.

ಚಪ್ಪಾಳೆ, ದೀಪ ಹತ್ತಿತು, ಕನ್ನಡಕದಿಂದ ಇರುವೆ ಮಾಯ, ಕಣ್ಣು ತೆರೆದಿದೆ, ಅಯ್ಯೋ, ತೆರೆದೇ ಇದೆ, ಚಪ್ಪಾಳೆಗೆ ಎಚ್ಚರವಾಗಿದ್ದಾ ಅಥವಾ — ಪ್ರಶ್ನೆಗಳಿದ್ದರೆ ಕೇಳಬಹುದು, ಎಂದಿನಂತೆ ಅಧ್ಯಕ್ಷರೇ ಗಂಟಲು ಸರಿಮಾಡಿಕೊಂಡರು, ಇದರಿಂದ ತಂತ್ರಜ್ಞಾನಕ್ಕೇನು ಲಾಭ, ಲಾಭವಿದೆ ಸರ್, ಒಂದನ್ನೊಂದು ಹಿಂಬಾಲಿಸುವ ರೋಬೋಟುಗಳು, ಹೇಳುತ್ತಿದ್ದೇನೆ, ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೇಳುತ್ತಿದೆ, ಕೈಚೀಲ ಜಾರಿ ಬಿತ್ತು, ಕೈ ಇಳಿಯಲಿಲ್ಲ, ಅಮ್ಮನ ಕೈ. ಮೈಕ್ ಕೊಟ್ಟರು, ಫೂ ಅಂತ ಊದಿದಳು, ಸಭೆ ನಕ್ಕಿತು, ಅವಳಿಗದರ ಪರಿವೆಯೇ ಇಲ್ಲ, ಹಿಂದಿನೋಳು ತಟ್ಟಲೇ ಇಲ್ಲ ಅಂದ್ರೆ ಮುಂದಿನೋಳು ಎಷ್ಟು ಹೊತ್ತು ಅಂತ ಕಾಯ್ತಾಳೆ ಮೇಡಂ. ಮೇಡಂ ಅಂತೆ, ನನ್ನನ್ನು, ನನಗೆ ನಗು, ನನಗೆ ಖುಷಿ, ಹೊಟ್ಟೆಯಿಂದ ಉಕ್ಕಿ ಬರುವ ಖುಷಿ — ಕೇಳಿಸಿಕೊಂಡಿದ್ದಾಳೆ, ಅಷ್ಟನ್ನೂ, ಮೀಸೆಯ ಹೆಣ್ಣನ್ನೂ. ಉತ್ತರ ಗೊತ್ತು, ಅಳೆದವಳೇ ನಾನು, ಜೊತೆಯಾಗಿ ಎಷ್ಟು ದೂರ ಬಂದಿದ್ದರೆ ಅಷ್ಟು ಹೆಚ್ಚು ಹೊತ್ತು ಕಾಯುತ್ತಾಳೆ, ಇಷ್ಟೇ, ಒಂದೇ ವಾಕ್ಯ, ಹೇಳಬೇಕು, ಎಲ್ಲರೂ ನೋಡುತ್ತಿದ್ದಾರೆ, ತಿರುಗಿ ನೋಡುತ್ತೇನೆ — ಪರದೆಯಲ್ಲಿ ಇರುವೆ ಇನ್ನೂ ನಿಂತೇ ಇದೆ, ನನ್ನ ಬೆನ್ನ ಮೇಲೆ ಮೀಸೆ, ತಟ್ಟಿತು